ಮೂಗಿನಲ್ಲಿ ಬಿಯರ್ ಕುಡಿಯುವ ನಮ್ಮ ಮಾವ

ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ನಮ್ಮ ಸೋದರಮಾವನಷ್ಟು ದೊಡ್ಡ ಕುಡುಕ ಇನ್ನೊಬ್ಬನಿರಲಿಲ್ಲ. ಬೇಕಾದರೆ ಚಾಮರಾಜನಗರ ತಾಲ್ಲೂಕನ್ನೂ ಸೇರಿಸಿಕೊಳ್ಳಿ, ನನ್ನದೇನೂ ಅಭ್ಯಂತರವಿಲ್ಲ! ಒಂದೇ ಒಂದು ತೊಂದರೆಯೆಂದರೆ ಅವನು ಕುಡಿಯುತ್ತಿರಲಿಲ್ಲ. ಅಂದರೆ, ಬಾಯಲ್ಲಿ ಕುಡಿಯುತ್ತಿರಲಿಲ್ಲ. ಬಾಯಲ್ಲಿ ಕುಡಿಯುವವರನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ, ಅದರಲ್ಲೇನು ಹೆಚ್ಚುಗಾರಿಕೆ? ನಮ್ಮ ಮಾವ ಕುಡಿಯುತ್ತಿದ್ದದ್ದು ಮೂಗಿನಲ್ಲಿ. ಒಂದು ಲೋಟ ಬಿಯರ್ ಮುಂದಿಟ್ಟುಕೊಂಡು ಕೂತನೆಂದರೆ ಸಂಜೆಯೆಲ್ಲ ಅದನ್ನು ಮೂಸುತ್ತಿದ್ದ. ಎಡ ಹೊಳ್ಳೆಗೊಮ್ಮೆ, ಬಲ ಹೊಳ್ಳೆಗೊಮ್ಮೆ, ಆಮೇಲೆ ಎರಡಕ್ಕೂ ಒಟ್ಟಿಗೆ. ನೊರೆಯೆಲ್ಲ ಇಳಿದು, ಅದು ಬೆಚ್ಚಗಾಗಿ, ಯಾವ ಮರ್ಯಾದಸ್ಥ ಕುಡುಕನೂ ಮುಟ್ಟದಂಥ ಸ್ಥಿತಿಗೆ ಬಂದಮೇಲೆ ಪಾಪ ನಾಲಗೆಗೂ ಇರಲಿ ಎಂದು ಒಂದು ಗುಟುಕು ಕೊಡುತ್ತಿದ್ದ. ಉಳಿದದ್ದು ಹಿತ್ತಿಲ ಕರಿಬೇವಿನ ಗಿಡಕ್ಕೆ. ಆ ಗಿಡ ಹುಲುಸಾಗಿ ಬೆಳೆದದ್ದನ್ನು ನೋಡಿದ ಮೇಲೆ ನಮ್ಮತ್ತೆ ಅದರ ಸೊಪ್ಪನ್ನು ಒಗ್ಗರಣೆಗೆ ಹಾಕುವುದನ್ನೇ ಬಿಟ್ಟಳು.

ಮೂಗಿನ ವಿಷಯ ಬಂದಿತಲ್ಲ, ಅದರ ಪ್ರತಾಪವನ್ನು ಸ್ವಲ್ಪ ಹೇಳಿಬಿಡುತ್ತೇನೆ. ಮಾವನದು ಗುಂಡ್ಲುಪೇಟೆಯಲ್ಲಿ ಬಾಳೆಕಾಯಿ ಮಂಡಿ. ಸುತ್ತಲ ಹಳ್ಳಿಗಳಿಂದ ಬಂದ ಗೊನೆಗಳನ್ನು ಕತ್ತಲೆ ಕೋಣೆಯಲ್ಲಿ ಒಟ್ಟಿ, ಹೊಗೆ ಹಾಕಿ, ಬಾಗಿಲ ಸಂದಿಗೆ ಮಣ್ಣು ಮೆತ್ತಿ ಹಣ್ಣು ಮಾಡಿ ಮಾರುವುದು ಅವನ ಕಸುಬು. ಉಳಿದ ಮಂಡಿಯವರು ದಿನ ಎಣಿಸಿ ಬಾಗಿಲು ತೆಗೆದರೆ, ನಮ್ಮ ಮಾವ ಸಂದಿಗೆ ಮೂಗು ಒತ್ತಿ, ಕಣ್ಣು ಮುಚ್ಚಿ, "ಏಲಕ್ಕಿ ಹಣ್ಣಾಗ್ಯದೆ. ಪಚ್ಚಬಾಳೆ ಇನ್ನೂ ನಿದ್ದೆ ಮಾಡ್ತಾ ಅದೆ, ಎಬ್ಬುರ್ಸ್ಬೇಡಿ" ಎನ್ನುತ್ತಿದ್ದ. ತೆಗೆದು ನೋಡಿದರೆ ಹಾಗೆಯೇ ಇರುತ್ತಿತ್ತು. ಹೆಣ್ಣು ನೋಡಲು ಹೋದ ಮನೆಯಲ್ಲಿ, ಹುಡುಗಿ ಬರುವ ಮೊದಲೇ, ಹಿರಿಯರೆಲ್ಲ ಗಂಭೀರವಾಗಿ ಮಳೆ ಬೆಳೆ ಮಾತಾಡುತ್ತಿದ್ದಾಗ, "ಉಪ್ಪಿಟ್ಟು ತಳ ಇಡೀತಾ ಅದೆ" ಎಂದು ಪಡಸಾಲೆಯಿಂದಲೇ ಕೂಗಿದ ಮಹಾನುಭಾವ ಇವನು! ಒಳಗಿದ್ದ ಹುಡುಗಿ ಓಡಿಹೋಗಿ ಬಾಣಲೆ ಇಳಿಸಿದಳು. ಅವಳೇ ನಮ್ಮತ್ತೆ. "ಬ್ಯಾರೆಯೋರು ಕಣ್ಣಲ್ಲಿ ನೋಡಿ ಒಪ್ಕತರೆ, ನಿಮ್ಮ್ ಮಾವ ಮೂಗಲ್ಲಿ ಒಪ್ಕಂಡ" ಎಂದು ಈಗಲೂ ಹೇಳುತ್ತಾಳೆ.

ಇಂಥವನಿಗೂ ಬಿಯರಿಗೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ನಾವೂ ಕೇಳಿದೆವು. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ನಮ್ಮ ವಂಶದಲ್ಲಿ ಬಾಟಲಿ ಎಂದರೆ ಒಂದೋ ಸೀಮೆಎಣ್ಣೆ, ಇಲ್ಲವೇ ಕೆಮ್ಮಿನ ಔಷಧ. ಮಂಡಿಯ ಮಗ್ಗುಲಲ್ಲೇ ಒಂದು ವೈನ್ ಶಾಪ್ ಇದ್ದರೂ ಮಾವ ಅದರ ಮುಂದೆ ಹೋಗುವಾಗ ಟವೆಲಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದ. ಹೀಗೆ ಕಾಪಾಡಿಕೊಂಡು ಬಂದ ಮೂಗನ್ನು ಕೆಡಿಸಿದ್ದು ಜರ್ಮನಿ.

ಎರಡು ಸಾವಿರದ ಇಸವಿ ಕಳೆದು ನಾಲ್ಕಾರು ವರ್ಷವಾಗಿದ್ದಿರಬೇಕು. ಚಾಮರಾಜನಗರದ ಆಚೆ, ಚಂದಕವಾಡಿ ದಾರಿಯಲ್ಲಿ ಶುರುವಾಗಿದ್ದ ಒಂದು ಸಣ್ಣ ಬಿಯರ್ ಕಾರ್ಖಾನೆಯವರು ಬೇಸಿಗೆಗೆಂದೇ ಒಂದು ಹೊಸ ಬಿಯರ್ ಬಿಟ್ಟರು. ಜರ್ಮನಿ ಥರದ್ದಂತೆ, ಗೋಧಿಯದಂತೆ, ಏಲ್ ಅಂತ ಅದರ ಜಾತಿಯಂತೆ, ಮಳೆಗಾಲ ಬಂದರೆ ಸಿಗುವುದಿಲ್ಲವಂತೆ! ಮಾವಿನಹಣ್ಣಿಗೆ ಸೀಸನ್ ಇದೆ, ಹಲಸಿಗೆ ಸೀಸನ್ ಇದೆ, ಬಿಯರಿಗೂ ಸೀಸನ್ನೇ ಎಂದು ಗುಂಡ್ಲುಪೇಟೆ ನಕ್ಕಿತು. ಕುಡಿದವರು ನಗಲಿಲ್ಲ. ಲೋಟಕ್ಕೆ ಬಗ್ಗಿಸಿದರೆ ಅಕ್ಕಿ ತೊಳೆದ ನೀರಿನಂತೆ ಮಂಕು, ಬಾಟಲಿಯ ತಳದಲ್ಲಿ ಗಸಿ ಬೇರೆ. "ಕೆಟ್ಟೋಗಿರೋ ಮಾಲು ಕೊಟ್ಟಿದ್ದೀಯ" ಎಂದು ಗಿರಾಕಿಗಳು ವಾಪಸ್ ತಂದು ಜಗಳವಾಡಿದರು. ವೈನ್ ಶಾಪಿನವನು ರೋಸಿಹೋಗಿ ಕ್ರೇಟುಗಳನ್ನೆಲ್ಲ ಕಾರ್ಖಾನೆಗೇ ಹಿಂದಕ್ಕೆ ಕಳಿಸುತ್ತೇನೆಂದು ಲಗೇಜ್ ಆಟೋಕ್ಕೆ ತುಂಬಿಸುತ್ತಿದ್ದಾಗ, ಒಂದು ಕ್ರೇಟು ಜಾರಿ ಮಂಡಿಯ ಮುಂದೆಯೇ ಬಿತ್ತು. ಬಾಟಲಿಗಳೊಡೆದು ಬಿಯರ್ ರಸ್ತೆಗೆ ಹರಿಯಿತು.

ಮಾವ ಒಳಗೆ ಗೊನೆ ತೂಗುತ್ತಿದ್ದವನು ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಹೊರಗೆ ಓಡಿಬಂದ.

"ಯಾರ್ಲಾ ಅದು? ಯಾರ್ಲಾ ರಸಬಾಳೆ ತಂದಿರದು?"

"ರಸಬಾಳೆ ಎಲ್ಬಂತು ಯಜಮಾನ್ರೆ? ಇದು ಬಿಯರು" ಎಂದ ವೈನ್ ಶಾಪಿನವನು.

"ಸುಳ್ ಏಳ್ಬೇಡ ಕಣ್ಲಾ. ಗೊನೆ ಎಲ್ ಮಡ್ಗಿದ್ದೀಯೆ?"

ಆಟೋದ ಸೀಟೆತ್ತಿ ನೋಡಿದ. ಕೆಳಗೆ ಬಗ್ಗಿ ನೋಡಿದ. ಡ್ರೈವರನ ಊಟದ ಡಬ್ಬಿ ಬಿಚ್ಚಿಸಿದ. ಕೊನೆಗೆ ಮಂಡಿಯೂರಿ, ರಸ್ತೆಯ ಮೇಲಿನ ನೊರೆಯ ಹತ್ತಿರ ಮುಖ ತಂದು ಕಣ್ಣು ಮುಚ್ಚಿದವನು ಏಳಲೇ ಇಲ್ಲ. ಸಂಜೆಯ ಹೊತ್ತಿಗೆ ಬೇಗೂರಿನವರೆಗೂ ಸುದ್ದಿ ಹಬ್ಬಿತ್ತು: ಬಾಳೆಮಂಡಿ ಯಜಮಾನರು ರೋಡು ನೆಕ್ಕುತ್ತಿದ್ದಾರೆ!

ಈ ಹುಚ್ಚಿಗೆ ಒಂದು ಕಾರಣವಿದೆ. ಮಾವನ ಅಪ್ಪ, ನಮ್ಮ ತಾತನಿಗೆ, ನಂಜನಗೂಡು ಸೀಮೆಯಲ್ಲಿ ರಸಬಾಳೆ ತೋಟವಿತ್ತು. ಆ ಹಣ್ಣಿನ ಸಿಪ್ಪೆ ಎಷ್ಟು ತೆಳುವೋ ವಾಸನೆ ಅಷ್ಟು ದಪ್ಪ ಎಂದು ನಮ್ಮವ್ವ ಹೇಳುತ್ತಿದ್ದಳು. ಮಾವ ಇನ್ನೂ ಕಂಕುಳ ಕೂಸಾಗಿದ್ದಾಗ ತೋಟಕ್ಕೆ ಸೊರಗು ರೋಗ ಬಂದು ಗಿಡಗಳು ನಿಂತಲ್ಲೇ ಹಳದಿಯಾಗಿ ಮುರಿದುಬಿದ್ದವು. ತೋಟ ಹೋದ ಸ್ವಲ್ಪ ದಿನಕ್ಕೇ ತಾತನೂ ಹೋದ. ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ, ಅಂದರೆ ನಮ್ಮವ್ವ. ಆಮೇಲೆ ಮಾವ ಬಾಳೆಯ ವ್ಯಾಪಾರಕ್ಕೇ ಬಿದ್ದರೂ ಆ ವಾಸನೆ ಮಾತ್ರ ಅವನಿಗೆ ಎಲ್ಲೂ ಸಿಗಲಿಲ್ಲ. ರಸಬಾಳೆ ಎಂದು ಸಂತೆಯಲ್ಲಿ ಯಾರಾದರೂ ಮಾರಿದರೆ ಮೂಸಿ ನೋಡಿ, "ಎಸ್ರು ಅದೇಯ. ಹಣ್ಣು ಅದಲ್ಲ" ಎಂದು ಇಟ್ಟುಬಿಡುತ್ತಿದ್ದ. ಅಂಥ ವಾಸನೆ ಇದ್ದಕ್ಕಿದ್ದಂತೆ ರಸ್ತೆಯಲ್ಲಿ ಹರಿದರೆ ಮನುಷ್ಯ ಏನು ಮಾಡಬೇಕು ಹೇಳಿ?

ವಾಪಸ್ ಹೋಗಬೇಕಾಗಿದ್ದ ಕ್ರೇಟುಗಳನ್ನು ಮಾವನೇ ಇಳಿಸಿಕೊಂಡ. ಅಲ್ಲಿಂದ ಮಂಡಿಯ ಹಿತ್ತಿಲಲ್ಲಿ ಒಂದು ಕಮಿಟಿ ಶುರುವಾಯಿತು. ಸದಸ್ಯರು ಮೂವರು. ಒಬ್ಬ ನಮ್ಮ ಮಾವ. ಇನ್ನೊಬ್ಬ ಗಾರ್ಡ್ ಮಾದಪ್ಪ, ಬಂಡೀಪುರದ ಕಾಡಿನಲ್ಲಿ ನೌಕರಿ ಮಾಡಿ ರಿಟೈರಾದವನು. ಮೂರನೆಯವನು ಬಸ್ ಸ್ಟ್ಯಾಂಡಿನ ಬೇಕರಿ ಚೇಟ, ವಯನಾಡಿನಿಂದ ಬಂದು ಗುಂಡ್ಲುಪೇಟೆಗೆ ಬನ್ನಿನ ರುಚಿ ಹತ್ತಿಸಿದವನು. ಬೇಸಿಗೆ ರಜೆಯಲ್ಲಿ ಮಂಡಿಗೆ ಅಂಟಿಕೊಂಡೇ ಇದ್ದ ಅತ್ತೆಯ ಮನೆಗೆ ಹೋದಾಗಲೆಲ್ಲ ಅಡುಗೆಮನೆ ಕಿಟಕಿಯಿಂದ ನಾನು ಇವರ ಕಲಾಪಗಳನ್ನು ಕೇಳಿದ್ದೇನೆ. ವಿಧಾನಸಭೆಯಲ್ಲಾದರೂ ಒಮ್ಮೊಮ್ಮೆ ಒಮ್ಮತ ಬರುತ್ತದೆ, ಇಲ್ಲಿ ಬರುತ್ತಿರಲಿಲ್ಲ.

ಮೊದಲು ಮಾವ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಶಿವದಾರದ ಸಮೇತ ಬೆನ್ನ ಕಡೆಗೆ ಸರಿಸುತ್ತಿದ್ದ. "ನಮ್ ರಗಳೆ ಸ್ವಾಮಿಗ್ಯಾಕೆ? ಅಂವ ಆ ಕಡೆ ತಿರೀಕಂಡು ಕರಿಬೇವಿನ್ ಗಿಡ ನೋಡ್ಕಂಡಿರ್ಲಿ." ಆಮೇಲೆ ಲೋಟ ಕೈಯಿಂದ ಕೈಗೆ ಹೋಗುತ್ತಿತ್ತು.

"ಮೂಸ್ಲಾ ಮಾದಪ್ಪ. ಯಾನ ಬತ್ತದೆ?"

ಮಾದಪ್ಪ ಬಹಳ ಹೊತ್ತು ಮೂಸಿ, "ಆನೆ ಬತ್ತದೆ" ಎಂದ.

"ಆನೆನಾ!"

"ಊಂ ಕಣ. ಬೇಸ್ಗೆಲಿ ಮೊದ್ಲ್ ಮಳೆ ಉಯ್ದಾಗ ಆನೆ ಲದ್ದಿಯಿಂದ ಒಂದ್ ಘಮ ಏಳ್ತದಲ್ಲ, ಅದು."

"ಥೂ ನಿನ್ನ! ಜೀವ್ಮಾನೆಲ್ಲ ಆನೆ ಇಂದ್ಗಡೆ ನಡ್ದೂ ನಡ್ದೂ ನಿನ್ ಮೂಗೇ ಕೆಟ್ಟೋಗದೆ. ಚೇಟಾ, ನೀನ್ ಏಳು."

ಚೇಟ ತನ್ನ ಮಲಯಾಳಿ ಕನ್ನಡದಲ್ಲಿ, "ಇದು ಬನ್ನಿನ ಹಿಟ್ಟು ಉಬ್ಬಿದ ವಾಸನೆ ಯಜಮಾನ್ರೇ. ಮತ್ತೆ ಸ್ವಲ್ಪ ಗ್ರಾಂಪೂ ಉಂಟು" ಎಂದ.

"ಗ್ರಾಂಪೂ ಅಂದ್ರೆ?"

"ಲವಂಗ."

"ಲವಂಗ ಆಕಕ್ಕೆ ಇದೇನ್ ಬಿರಿಯಾನಿಯೇನ್ಲಾ? ರಸಬಾಳೆ ಕಣ್ರಲಾ, ರಸಬಾಳೆ! ನಿಮ್ಗೆ ಮೂಗು ಕೊಟ್ಟ ದೇವ್ರು ಅದ್ಕೆ ಕೆಲ್ಸ ಕೊಡದ್ ಮರ್ತ್ಬುಟ್ಟವ್ನೆ."

ಗಸಿಯ ವಿಷಯದಲ್ಲಂತೂ ಕಮಿಟಿ ಒಡೆಯುವ ಹಂತಕ್ಕೇ ಬಂದಿತ್ತು. ಬಾಟಲಿಯನ್ನು ಅಲುಗಿಸಿ ಗಸಿ ಸಮೇತ ಬಗ್ಗಿಸಬೇಕೆಂದು ಚೇಟ, ಕೆರೆ ನೀರಿನಂತೆ ತಿಳಿಯಾಗಲು ಬಿಟ್ಟು ಮೇಲಿನದನ್ನು ಮಾತ್ರ ಕುಡಿಯಬೇಕೆಂದು ಮಾದಪ್ಪ. ಮಾದಪ್ಪ ಮುನಿಸಿಕೊಂಡು ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಕೂತ. ಸ್ವಾಮಿಯ ಮುಂದೆ ಕೂತು ಯೋಚನೆ ಮಾಡಿ, ಅಲುಗಿಸಿದರೂ ಅಡ್ಡಿಯಿಲ್ಲ ಎಂಬ ತೀರ್ಮಾನದೊಡನೆ ಬೆಟ್ಟ ಇಳಿದುಬಂದ. ದೇವರಿಗೆ ಎಂತೆಂಥ ಕೇಸುಗಳು ಬರುತ್ತವೆ ನೋಡಿ!

ಸುದ್ದಿ ಗುಂಡ್ಲುಪೇಟೆಯಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. ಅದು ಬಸ್ಸು ಹತ್ತಿ ಚಾಮರಾಜನಗರದ ನಮ್ಮ ಮನೆಗೆ ಬಂದಿಳಿಯಿತು.

ನಮ್ಮವ್ವನನ್ನು ನೀವು ನೋಡಿಲ್ಲ. ಹಣೆಯ ತುಂಬ ವಿಭೂತಿ, ಪೂಜೆಯಾಗದೆ ಬಾಯಿಗೆ ತೊಟ್ಟು ನೀರು ಹಾಕದ ಹೆಂಗಸು. ವ್ಯಾಪಾರಕ್ಕೆಂದು ಸೋಮವಾರ ಸೋಮವಾರ ಊರಿಗೆ ಬರುತ್ತಿದ್ದ ತಮ್ಮನನ್ನು ಅಡುಗೆಮನೆಯಲ್ಲಿ ತನ್ನ ಪಕ್ಕದಲ್ಲೇ ಮಣೆ ಹಾಕಿ ಕೂರಿಸಿಕೊಂಡು ಉಣ್ಣುತ್ತಿದ್ದಳು. ಅವಳ ತಟ್ಟೆಯ ಉಪ್ಪಿನಕಾಯಿಯನ್ನು ಅವನು ಕದಿಯಬೇಕು, ಇವಳು ಅವನ ಕೈಗೆ ಹೊಡೆಯಬೇಕು, ಆಗಲೇ ಇಬ್ಬರಿಗೂ ಊಟ ಸೇರುತ್ತಿದ್ದದ್ದು. ಬಿಯರಿನ ಸುದ್ದಿ ಬಂದ ಸೋಮವಾರ ಅವಳು ಹೊಸ್ತಿಲಲ್ಲೇ ನಿಂತು ಅವನ ಕಡೆ ನೋಡದೆ ನನಗೆ ಹೇಳಿದಳು: "ಅಲ್ಲೇ ಜಗ್ಲಿ ಮ್ಯಾಲ್ ಕೂತ್ಕಳಕ್ಕೆ ಏಳಮ್ಮಿ ಅವ್ನ್ಗೆ."

"ಅಕ್ಕ, ನಾನ್ ಕುಡಿಯಕಿಲ್ಲ ಕಣಕ್ಕ. ಮೂಸ್ತಿನಿ ಅಷ್ಟೆ."

"ಮೂಸದೂ ಒಂದೆ, ಕುಡಿಯದೂ ಒಂದೆ ಅಂತ ಏಳಮ್ಮಿ."

ಇಬ್ಬರ ನಡುವೆ ಇದ್ದದ್ದು ಒಂದು ಕಿಟಕಿ. ಒಬ್ಬರು ಉಸಿರಾಡಿದರೆ ಇನ್ನೊಬ್ಬರಿಗೆ ಕೇಳುತ್ತಿತ್ತು. ಆದರೂ ಮಾತೆಲ್ಲ ನನ್ನ ಮುಖಾಂತರ! "ಸಾರು ಬೇಕಾ ಕೇಳಮ್ಮಿ." "ಸಾಕು ಅನ್ನಮ್ಮಿ." "ಸಾಕು ಅಂದ್ರೆ ಎಂಗೆ, ಒಂದೇ ಮುದ್ದೆ ಉಂಡವ್ನೆ ಅನ್ನಮ್ಮಿ." ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆಗಿದ್ದ ನಾನು ಸೋಮವಾರಗಳಂದು ಊಟದ ಬಿಡುವಿನಲ್ಲಿ ಟೆಲಿಫೋನ್ ತಂತಿಯಾದೆ. ಒಂದು ದಿನ ಬೇಸರವಾಗಿ, "ನೀವಿಬ್ಬರೇ ಮಾತಾಡಿಕೊಳ್ಳಿ" ಎಂದು ಎದ್ದುಹೋದೆ. ಹಿಂತಿರುಗಿ ಬಂದಾಗ ಇಬ್ಬರೂ ಬಾಯಿ ಹೊಲಿದುಕೊಂಡು ಕೂತಿದ್ದರು, ಸಾರು ಆರಿಹೋಗಿತ್ತು. ಹಾಗೆಂದು ಜಗಲಿಗೆ ಹೋಗುವ ತಟ್ಟೆಯಲ್ಲಿ ಏನೂ ಕಡಿಮೆಯಿರಲಿಲ್ಲ. ನನ್ನ ತಟ್ಟೆಯಲ್ಲಿ ಇಲ್ಲದಷ್ಟು ತುಪ್ಪ ಅಲ್ಲಿರುತ್ತಿತ್ತು. ಅದನ್ನು ಕಳಿಸಿ, ನಮ್ಮವ್ವ ಒಳಗೆ ಒಬ್ಬಳೇ ಕೂತು ಎರಡು ತುತ್ತು ತಿಂದು ಏಳುತ್ತಿದ್ದಳು.

ಹಾಗಿದ್ದರೆ ಆ ಹಾಳು ಬಿಯರನ್ನು ಬಿಟ್ಟುಬಿಡಬಾರದೇ? ನಾನೇ ಕೇಳಿದೆ. ಮಾವ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ.

"ಬುಟ್ಬುಡ್ತಿನಿ ಕಣಮ್ಮಿ, ಅದೇನ್ ದೊಡ್ದಲ್ಲ. ಆದ್ರೆ ತೋಟ ಓದಾಗ ನಂಗಿನ್ನೂ ಬುದ್ಧಿ ಬಂದಿರ್ನಿಲ್ಲ. ಆ ವಾಸ್ನೆ ನಂಗೆ ನಿಜ್ವಾಗೂ ನೆಪ್ಪದಾ, ನೆಪ್ಪದೆ ಅಂತ ನಾನೇ ಅನ್ಕಂಡಿವ್ನಾ, ಯಾರ್ ಏಳ್ಬೇಕು? ತೋಟ ಕಂಡೋರು ಇನ್ಯಾರ್ ಉಳ್ದವ್ರೆ? ಅಕ್ಕ ಒಂದ್ ಸಲ ಮೂಸಿ, ಅದು ಅದೇಯಾ ಅಲ್ವಾ ಅಂತ ಏಳ್ಬುಟ್ರೆ ಸಾಕು, ಆವತ್ತೇ ಬುಟ್ಬುಡ್ತಿನಿ."

ಕಿಟಕಿಯ ಒಳಗಿಂದ ಉತ್ತರ ಬಂತು: "ಕುಡಿಯೋರ್ಗೆಲ್ಲ ಒಂದೊಂದ್ ನೆಪ ಅನ್ನಮ್ಮಿ."

ಮಾವ ಸುಮ್ಮನೆ ಕೂರುವವನಲ್ಲ. ಮರುವರ್ಷದ ಬೇಸಿಗೆಯಲ್ಲಿ ಬಿಯರ್ ಮತ್ತೆ ಬಂದಾಗ ಅವನ ತಲೆಗೊಂದು ಮಹಾ ಯೋಚನೆ ಹೊಳೆಯಿತು. ರಸಬಾಳೆ ಹಾಕದೆ ರಸಬಾಳೆ ವಾಸನೆ ಬರುವುದುಂಟೇ? ಕಾರ್ಖಾನೆಯವರು ಎಲ್ಲೋ ಗುಟ್ಟಾಗಿ ತೋಟ ಮಾಡಿದ್ದಾರೆ! ಕೈಕಾಲು ಹಿಡಿದಾದರೂ ಒಂದು ಬಾಳೆಯ ಕಂದು ತಂದು ನೆಟ್ಟು, ಗೊನೆ ಬಂದಮೇಲೆ ಹಣ್ಣನ್ನೇ ಅಕ್ಕನ ಮುಂದಿಟ್ಟರಾಯಿತು. ಹಣ್ಣು ಮೂಸುವುದಕ್ಕೆ ಯಾವ ಮಡಿ ಅಡ್ಡ ಬರುತ್ತದೆ? ಯೋಚನೆಯೇನೋ ಚೆನ್ನಾಗಿತ್ತು. ಆದರೆ ಕಾರ್ಖಾನೆಯವರ ಹತ್ತಿರ ಮಾತಾಡಲು ಬಿ.ಎಸ್ಸಿ. ಓದಿದವರೊಬ್ಬರು ಬೇಕಿತ್ತು.

ಹೀಗಾಗಿ ಒಂದು ಬೆಳಿಗ್ಗೆ ನಾನು ಮಾವನ ಜೊತೆ ಬಾಳೆಹಣ್ಣಿನ ಪುಟ್ಟಿ ಹಿಡಿದುಕೊಂಡು ಬಿಯರ್ ಕಾರ್ಖಾನೆಯ ಗೇಟಿನಲ್ಲಿ ನಿಂತಿದ್ದೆ. ಪುಟ್ಟಿಯಲ್ಲಿ ಏಲಕ್ಕಿ, ಪಚ್ಚಬಾಳೆ, ನೇಂದ್ರ, ಎಲ್ಲದರ ಒಂದೊಂದು ಚಿಪ್ಪು. ಸಾಕ್ಷಿಗಂತೆ! ವಾಚ್‌ಮನ್ ನನ್ನನ್ನೇ ದಿಟ್ಟಿಸಿ, "ನೀವು ಹೈಸ್ಕೂಲ್ ಮೇಡಂ ಅಲ್ವಾ? ನಮ್ಮ್ ಮಗ್ಳು ನಿಮ್ ಕ್ಲಾಸೇಯ" ಎಂದು ಕೈಮುಗಿದ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ರಜೆ ಮುಗಿದ ಮೇಲೆ ಹುದುಗುವಿಕೆಯ ಪಾಠವಿದೆ, ಅದಕ್ಕೇ ಬಂದೆ ಎಂದೆ. "ಎಷ್ಟು ಕಷ್ಟ ಬಿದ್ದು ಪಾಠ ಮಾಡ್ತೀರ ಮೇಡಂ" ಎಂದು ಅವನು ಕಣ್ಣು ತುಂಬಿಕೊಂಡ.

ಕಾರ್ಖಾನೆಯ ಕೆಮಿಸ್ಟ್ ಹುಬ್ಬಳ್ಳಿ ಕಡೆಯ ಹುಡುಗ, ಬಹಳ ಮರ್ಯಾದಸ್ಥ. ಮಾವ ಅವನ ಮೇಜಿನ ಮೇಲೆ ಚಿಪ್ಪುಗಳನ್ನು ಸಾಲಾಗಿ ಇಟ್ಟ.

"ಏಳಿ ಸ್ವಾಮಿ. ಇದ್ರಲ್ಲಿ ಯಾವ್ದು ಆಕ್ತೀರಿ? ಇದಾ?"

"ಅಲ್ರಿ ಯಜಮಾನ್ರ. ಅದರಾಗ ಬಾಳಿಹಣ್ಣ ಇಲ್ರಿ."

"ಇದಾ?"

"ಯಾವುದೂ ಇಲ್ರಿ."

"ಇದೂ ಅಲ್ಲ?"

"ಅಲ್ರಿ."

ಮಾವ ಗೆದ್ದವನಂತೆ ನನ್ನ ಕಡೆ ತಿರುಗಿದ. "ನೋಡ್ದೇನಮ್ಮಿ? ಇವ್ಯಾವೂ ಅಲ್ಲ ಅಂದ್ರೆ ರಸಬಾಳೆನೇ ಅಂತ ಆಯ್ತಲ್ಲ!"

ಇಂಥ ತರ್ಕದ ಮುಂದೆ ಹುಬ್ಬಳ್ಳಿಯೇನು, ಜರ್ಮನಿಯೇ ಬಂದರೂ ಏನು ಮಾಡೀತು? ಹುಡುಗ ಬಾಯಲ್ಲಿ ಹೇಳುವುದನ್ನು ಬಿಟ್ಟು ನಮ್ಮನ್ನು ಒಳಗೆ ಕರೆದುಕೊಂಡು ಹೋದ. ಒಂದು ಬಕೀಟಿನ ಮುಚ್ಚಳ ತೆಗೆದ. ಒಳಗೆ ಬೂದುಬಣ್ಣದ ಅಂಬಲಿಯಂಥದ್ದು ಗುಳುಗುಳು ಎನ್ನುತ್ತಿತ್ತು. ಮಾವ ಬಗ್ಗಿ ಮೂಸಿದ. ಮತ್ತೆ ಮೂಸಿದ.

"ಈ ಅಂಬ್ಲಿ ಯಾವ್ ತೋಟದ್ದು?"

"ಇದು ತೋಟದ್ದಲ್ರಿ, ಯೀಸ್ಟ್ ಅಂತಾರ. ಜೀವ ಐತ್ರಿ ಇದಕ್ಕ. ಒಂದೊಂದ ಜೀವ ಕಣ್ಣಿಗೆ ಕಾಣಂಗಿಲ್ಲ. ಗೋಧಿಯೊಳಗಿನ ಸಕ್ಕರಿ ತಿಂದು ಈ ವಾಸನಿ ಬಿಡತೈತಿ."

ನಾನು ಮೇಡಂ ಗತ್ತಿನಲ್ಲಿ ವಿವರಿಸಿದೆ. ಬಾಳೆಹಣ್ಣಿಗೆ ಆ ವಾಸನೆ ಕೊಡುವ ವಸ್ತು ಯಾವುದೋ ಅದನ್ನೇ ಇದೂ ತಯಾರಿಸುತ್ತದೆ ಮಾವ, ಇಲ್ಲಿ ಹಣ್ಣೇ ಇಲ್ಲ ಎಂದೆ. ಮಾವ ಪಕ್ಕದಲ್ಲಿದ್ದ ಖಾಲಿ ಡ್ರಮ್ಮಿನ ಮೇಲೆ ಕೂತ.

"ಅಂದ್ರೆ ತೋಟ ಇಲ್ವಾ?"

"ಇಲ್ರಿ."

"ಒಂದ್ ಕಂದೂ ಇಲ್ವಾ?"

ಹುಡುಗ ತಲೆಯಲ್ಲಾಡಿಸಿದ. ನನಗೆ ಮಾವನ ಮುಖ ನೋಡಲಾಗಲಿಲ್ಲ. ಅಲ್ಲಿಯವರೆಗೆ ಇಡೀ ಪ್ರಕರಣ ನನಗೆ ಸ್ಟಾಫ್ ರೂಮಿನಲ್ಲಿ ಹೇಳಿ ನಗುವ ಕಥೆಯಾಗಿತ್ತು. ಹುಡುಗನೇ ಸಂಕೋಚದಿಂದ ಮತ್ತೊಂದು ಮಾತು ಹೇಳಿದ: ಈ ಬಿಯರ್ ಯಾರಿಗೂ ಹಿಡಿಸುತ್ತಿಲ್ಲ, ಮಾಡುವುದು ಇದೇ ಕೊನೆ, ಮುಂದಿನ ಬೇಸಿಗೆಗೆ ಇರುವುದಿಲ್ಲ. ಅಂಗಡಿಗಳಿಗೆ ಕಳಿಸಿದ್ದೂ ಮುಗಿದಿದೆಯಂತೆ. ಬೀರುವಿನಿಂದ ಒಂದು ಬಾಟಲಿ ತೆಗೆದು ಮಾವನ ಕೈಗಿಟ್ಟು, "ಇದನ್ನ ಇಷ್ಟು ಪ್ರೀತಿಯಿಂದ ಮೂಸಿದವರು ನೀವ ಒಬ್ಬರ ನೋಡ್ರಿ" ಎಂದ. ಮಾವ ಬಾಳೆಹಣ್ಣಿನ ಪುಟ್ಟಿಯನ್ನು ಅವನಿಗೇ ಬಿಟ್ಟು ಎದ್ದ.

ಬಸ್ ಸ್ಟಾಪಿನಲ್ಲಿ ಕೇಳಿದ: "ಹಂಗಾದ್ರೆ ಇಷ್ಟ್ ದಿನ ನಾನು ಸುಳ್ ವಾಸ್ನೆ ಮೂಸ್ಕಂಡ್ ಕೂತಿದ್ನಾ ಅಮ್ಮಿ?"

ಕೊನೆಯ ಬಾಟಲಿಯ ಸುದ್ದಿ ಕೇಳಿ ಗುಂಡ್ಲುಪೇಟೆಯ ಕಮಿಟಿ ತುರ್ತು ಸಭೆ ಸೇರಿತು. ಚೇಟ ಬಿಸಿ ಬನ್ನು ತಂದ. ಮಾದಪ್ಪ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದ. ಮಾವ ಬಾಟಲಿಯನ್ನು ದೂರದಿಂದ ತೋರಿಸಿ ಒಳಗಿಟ್ಟ. "ಒಂದ್ ಮುಚ್ಳ ಆದ್ರೂ ಕೊಡ್ಲಾ" ಎಂದು ಮಾದಪ್ಪ ಅಂಗಲಾಚಿದ. "ಇದು ಅಕ್ಕನ್ ಪಾಲು" ಎಂದ ಮಾವ. ಅಕ್ಕ ಮುಟ್ಟುವುದಿಲ್ಲವೆಂದು ಊರಿಗೆಲ್ಲ ಗೊತ್ತು. ಕಮಿಟಿ ಬನ್ನು ತಿಂದು ಎದ್ದುಹೋಯಿತು.

ಸೋಮವಾರ ಮಾವ ಬಾಟಲಿಗೆ ಒದ್ದೆ ಟವೆಲ್ ಸುತ್ತಿ, ಅದರ ಮೇಲೆ ಬಾಳೆ ಎಲೆ ಸುತ್ತಿ, ಮಡಿಲಲ್ಲಿ ಮಲಗಿಸಿಕೊಂಡು ಬಸ್ಸಿನಲ್ಲಿ ಕೂತ. ಹಳ್ಳ ಬಂದಾಗಲೆಲ್ಲ ಎರಡು ಕೈಯಲ್ಲೂ ಮೇಲೆತ್ತಿ ಹಿಡಿಯುವುದು, ಹಳ್ಳ ದಾಟಿದ ಮೇಲೆ ಮೆಲ್ಲಗೆ ಮಲಗಿಸುವುದು. ಪಕ್ಕದ ಮುದುಕಿ ನೋಡಿ ನೋಡಿ ತಡೆಯಲಾರದೆ, "ಇಂಗ್ ಮಖ ಮುಚ್ಬೇಡ ಕಣಪ್ಪಾ, ಉಸ್ರು ಕಟ್ಟದು. ಎಷ್ಟ್ ತಿಂಗಳ್ದು?" ಎಂದಳಂತೆ. "ಈ ಬ್ಯಾಸ್ಗೇದು ಕಣವ್ವ" ಎಂದನಂತೆ ನಮ್ಮ ಮಾವ!

ಮಧ್ಯಾಹ್ನ ನಮ್ಮ ಜಗಲಿಗೆ ಬಂದು ಕೂತ. ನಾನು ಅವನ ತಟ್ಟೆ ತಂದಿಟ್ಟೆ. ಅವನು ಊಟ ಮುಟ್ಟಲಿಲ್ಲ. ಎಲೆ ಬಿಚ್ಚಿ, ಟವೆಲ್ ಬಿಚ್ಚಿ, ಬಾಟಲಿಯ ಕತ್ತನ್ನು ಕಿಟಕಿಯ ಸರಳಿಗೆ ಕೊಟ್ಟು ಮೀಟಿದ. ಬಿಸಿಲಲ್ಲಿ ಕುದ್ದು ಬಸ್ಸಲ್ಲಿ ಕುಲುಕಿ ಬಂದ ಬಿಯರ್ ಸುಮ್ಮನಿರುತ್ತದೆಯೇ? ಢಬ್ ಎಂದು ಮುಚ್ಚಳ ಹಾರಿ ನೊರೆ ಚಿಮ್ಮಿತು. ಮಾವನ ಅಂಗಿ, ಜಗಲಿ, ಮೆಟ್ಟಿಲು ಎಲ್ಲ ನೊರೆ.

"ಯಾನಮ್ಮಿ ಅದು ಸದ್ದು?" ಎನ್ನುತ್ತಾ ನಮ್ಮವ್ವ ಬಂದಳು. ಕಿಟಕಿಯಿಂದ ಕಂಡಿರಬೇಕು, ಒಂದು ಕೈಯಲ್ಲಿ ನೀರಿನ ಕೊಡ, ಇನ್ನೊಂದರಲ್ಲಿ ಪೊರಕೆ. ಇವತ್ತು ಮಾವನಿಗೆ ಜಗಲಿಯೂ ತಪ್ಪಿತು ಎಂದುಕೊಂಡೆ. ಹೊಸ್ತಿಲ ಮೇಲೆ ಬಂದವಳು ಹಾಗೇ ನಿಂತಳು. ಕೊಡವನ್ನು ಕೆಳಗಿಟ್ಟಳು. ನಮ್ಮಿಬ್ಬರನ್ನೂ ಬಿಟ್ಟು ಬೀದಿಯ ಕಡೆ ನೋಡಿದಳು.

"ಯಾರ್ಲಾ ಬಂದಿರದು?" ಎಂದಳು.

ಅವಳು ನನ್ನನ್ನು ಕೇಳಲಿಲ್ಲ. ಮಾವನನ್ನೇ ಕೇಳಿದಳು. ಒಂದು ವರ್ಷದ ಮೇಲೆ ಮೊದಲ ಸಲ.

"ಯಾರೂ ಇಲ್ಲ ಕಣಕ್ಕ" ಎಂದು ಮಾವ ಬಾಟಲಿಯನ್ನು ಎರಡು ಕೈಯಲ್ಲಿ ಹಿಡಿದು ಮೇಲಕ್ಕೆತ್ತಿದ. "ಇದು ಹಣ್ಣಲ್ವಂತೆ. ತೋಟನೂ ಇಲ್ವಂತೆ. ಅದೇಯಾ ಅಲ್ವಾ ಅಷ್ಟ್ ಏಳ್ಬುಡು. ಅಲ್ಲ ಅಂದ್ರೆ ಅಲ್ಲ ಅನ್ನು, ಬೇಜಾರ್ ಮಾಡ್ಕಳಕಿಲ್ಲ."

ನಮ್ಮವ್ವ ಬಗ್ಗಿದಳು. ವಿಭೂತಿಯ ಹಣೆ ಬಾಟಲಿಗೆ ತಾಕುವಷ್ಟು ಹತ್ತಿರ ಬಂದು ಕಣ್ಣು ಮುಚ್ಚಿ ಮೂಸಿದಳು.

"ಮದ್ಯಾನ ಅಪ್ಪ ತೋಟದಿಂದ ಬಂದು ಬಾಗ್ಲಲ್ಲಿ ಎಗಲ್ ಮ್ಯಾಲಿನ್ ವಲ್ಲಿ ಒದ್ರುದ್ರೆ ಇಂಗೇಯ ಬರದು" ಎಂದಳು. ಮತ್ತೊಮ್ಮೆ ಮೂಸಿ, "ಅದೇಯ ಕಣ್ಲಾ. ಅದೇಯ" ಎಂದಳು.

ಮಾವ ಮಕ್ಕಳ ಹಾಗೆ ಅತ್ತುಬಿಟ್ಟ. "ನಂಗೆ ಅಪ್ಪನ್ ಮಖ ನೆಪ್ಪಿಲ್ಲ ಅಕ್ಕ. ಅಪ್ಪ ಅಂದ್ರೆ ಇದೊಂದೇ ನೆಪ್ಪಿದ್ದದ್ದು. ಇದೂ ಸುಳ್ಳಾಗ್ಬುಟ್ರೆ ಇನ್ ಯಾನ ಉಳೀತದೆ ಅಂತ ಎದ್ರಿಕಂಡಿದ್ದೆ."

ಇಷ್ಟು ವರ್ಷ ಅವನ ಮೂಗನ್ನು ನೋಡಿ ನಕ್ಕವಳು ನಾನು. ಅವನು ಏನನ್ನು ಹುಡುಕುತ್ತಿದ್ದಾನೆಂದು ನನಗೆ ಗೊತ್ತೇ ಇರಲಿಲ್ಲ. ನನಗೂ ಅಳು ತಡೆಯಲಾಗಲಿಲ್ಲ.

ನಮ್ಮವ್ವ ಒಳಗೆ ಹೋದಳು. ತಮ್ಮನಿಗೆ ಮಣೆ ಹಾಕಲು ಹೋದಳೆಂದು ನಾನು ಅವನ ತಟ್ಟೆಯನ್ನು ಕೈಗೆತ್ತಿಕೊಂಡೆ. ಅವಳು ತನ್ನ ತಟ್ಟೆ ಹಿಡಿದು ಹೊರಗೆ ಬಂದಳು. ನೊರೆಯಲ್ಲಿ ಒದ್ದೆಯಾದ ಜಗಲಿಯ ಮೇಲೆ ಅವನ ಪಕ್ಕದಲ್ಲಿ ಕೂತಳು.

"ಒಳಕ್ಕೇ ಬತ್ತಿದ್ನಲ್ಲಕ್ಕ" ಎಂದ ಮಾವ.

"ಒಳಕ್ಕೆ ಎಂಗ್ಲಾ ಬಂದೀಯೆ? ಮೂಸದೂ ಒಂದೆ, ಕುಡಿಯದೂ ಒಂದೆ. ಈಗ ನಾನೂ ಕುಡ್ದಂಗಾಯ್ತು. ಇನ್ ಇಬ್ರೂ ಈಚೆಲೇ ಉಣ್ಬೇಕು." ಆಮೇಲೆ ನನ್ನ ಕಡೆ ತಿರುಗಿ, "ನೀನ್ ಒಳಕ್ ಓಗಿ ಉಣ್ಣೋಗಮ್ಮಿ" ಎಂದಳು.

ನಾನು ಮಾವನ ತಟ್ಟೆಯನ್ನು ಅವನ ಮುಂದೆಯೇ ಇಟ್ಟು ಅಲ್ಲೇ ನಿಂತೆ. ಅವಳು ಮುದ್ದೆ ಮುರಿದು ಸಾರಿಗೆ ಅದ್ದಿದಳು. ಬಾಯಿಗೆ ಇಡದೆ ತಮ್ಮನ ಮುಖವನ್ನೇ ನೋಡಿದಳು.

"ಅಪ್ಪನ್ ಮಖ ನೆಪ್ಪಿಲ್ಲ ಅಂತ ಒಂದಿನಾನೂ ಏಳ್ನಿಲ್ವಲ್ಲ ನೀನು. ನಾನ್ ಏಳ್ತಿರ್ನಿಲ್ವಾ? ಕೇಳ್ಕ ಈಗ. ಮೊದ್ಲು ಅಣೆ. ಅಣೆ ಅಗಲ. ಇಲ್ಲಿಂದ ಇಲ್ಗಂಟ ಇಬೂತಿ..." ಎಂದು ತನ್ನ ಹಣೆಯ ಮೇಲೆ ಬೆರಳಿಟ್ಟು ತೋರಿಸಿದಳು.

ಮಾವ ಕೈಯಲ್ಲಿ ತುತ್ತು ಹಿಡಿದುಕೊಂಡೇ ಕೇಳುತ್ತಾ ಕೂತ.